ಎಡಗಡೆ ಸೀಟಿನಲ್ಲಿ ಯಾರು ಕೂರಬೇಕು

ಕಾರಿನ ಮುಂದಿನ ಎಡಗಡೆ ಸೀಟಿನಲ್ಲಿ ಯಾರು ಕೂರಬೇಕು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಸಿಂಹಾಸನಗಳ ವಿಷಯವನ್ನು ನಮ್ಮ ಜನ ಯುದ್ಧ ಮಾಡಿಯಾದರೂ ತೀರ್ಮಾನಿಸಿಕೊಂಡರು. ಇದು ಮಾತ್ರ ಇನ್ನೂ ತೀರ್ಮಾನವಾಗದೆ ಉಳಿದಿದೆ. ಹೆಂಡತಿ ಬಂದರೆ ಹೆಂಡತಿ ಕೂರಬೇಕು. ಹೆಂಡತಿಯ ಜೊತೆ ಅತ್ತೆಯೂ ಬಂದರೆ ಕಾರು ಹೊರಡುವುದು ತಡವಾಗುತ್ತದೆ. ಗೆಳೆಯ ಹಿಂದೆ ಕೂತರೆ ಮಾಲೀಕ ಡ್ರೈವರ್ ಆಗಿಬಿಡುತ್ತಾನೆ. ಪರಿಚಯದ ಹೆಂಗಸು ಮುಂದೆ ಕೂತರೆ ಊರು ಮಾತಾಡುತ್ತದೆ, ಹಿಂದೆ ಕೂತರೆ ಮಾಲೀಕ ಮತ್ತೆ ಡ್ರೈವರ್. ಇಷ್ಟು ಗಹನವಾದ ಸಂಗತಿಯಲ್ಲಿ ನನ್ನ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ. ನಾನು ಆ ಸೀಟು.

ನಾನು ಹುಟ್ಟಿದ್ದು ಒಂದು ಅಚ್ಚಿನೊಳಗೆ. ಹಾಲಿನಂಥದೇನನ್ನೋ ಸುರಿದರು, ಅದು ಇಡ್ಲಿಯ ಹಿಟ್ಟಿನಂತೆ ಉಬ್ಬಿ ನಾನಾದೆ. ಅದೇ ದಿನ ಹುಟ್ಟಿದ ನನ್ನ ಅಣ್ಣನನ್ನು ಬಲಗಡೆ ಕೂರಿಸಿದರು. ಸ್ಟೇರಿಂಗು, ಪೆಡಲು, ಹಾರ್ನು, ಬೈಗುಳ ಎಲ್ಲ ಅವನ ಪಾಲಿಗೆ. ನನ್ನ ಪಾಲಿಗೆ ಬಂದದ್ದು ನಿದ್ದೆ. ಚಲಿಸುವ ಕಾರಿನಲ್ಲಿ ಮನುಷ್ಯ ನಿಶ್ಚಿಂತೆಯಿಂದ ಮಲಗುವುದು ನನ್ನ ಮೇಲೆಯೇ. ಮಲಗಿದವರ ಕನಸು ಬೆವರಿನಂತೆ ನಿಧಾನವಾಗಿ ನನ್ನೊಳಗೆ ಇಳಿಯುತ್ತದೆ. ಅಣ್ಣನಿಗೆ ಈ ಭಾಗ್ಯವಿಲ್ಲ. ಅವನಿಗೊಂದು ಕನಸು ಸಿಕ್ಕಿದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ.

ಮೊದಲ ಒಡೆಯ ಹುಬ್ಬಳ್ಳಿಯ ಪಾತ್ರೆ ವ್ಯಾಪಾರಿ. ಅವನ ಹೆಂಡತಿ ಊರು ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದಳು. ಅವಳ ಕನಸಿನಲ್ಲಿ ಒಂದು ಹೊಳೆ. ಹೊಳೆಯ ತುಂಬ ತೇಲುವ ಕೊಡಗಳು. ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತ, ಯಾವ ಅಂಗಡಿಗೂ ಸೇರದೆ ಹೋಗುತ್ತಿದ್ದವು. ಆ ಸದ್ದು ಇವತ್ತಿಗೂ ನನ್ನ ಸ್ಪ್ರಿಂಗುಗಳಲ್ಲಿದೆ. ಮೆಕ್ಯಾನಿಕ್ಕುಗಳು ಅದನ್ನು ತುಕ್ಕು ಎನ್ನುತ್ತಾರೆ.

ವ್ಯಾಪಾರಿ ದೊಡ್ಡ ಕಾರು ಕೊಂಡ ಮೇಲೆ ನಾವು ವಿರೂಪಾಕ್ಷಪ್ಪ ಮುಳಗುಂದ ಅವರ ಕೈಸೇರಿದೆವು. ಮನೆ ಹುಬ್ಬಳ್ಳಿಯಲ್ಲಿ, ಕಚೇರಿ ಧಾರವಾಡದಲ್ಲಿ. ಅಲ್ಲಿ ಅವರೊಂದು ವಿಭಾಗದ ಮುಖ್ಯಸ್ಥರು. ಅವರ ಮನೆಯವರಿಗೆ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತಿದ್ದುದರಿಂದ ಆಕೆ ಹತ್ತುತ್ತಲೇ ಇರಲಿಲ್ಲ. ನನ್ನ ಮೇಲೆ ಅವರ ಬುತ್ತಿಯ ಡಬ್ಬಿ ಕೂರುತ್ತಿತ್ತು. ಪಲ್ಯ ಚೆಲ್ಲಬಾರದೆಂದು ಅದಕ್ಕೆ ಬೆಲ್ಟು ಹಾಕುತ್ತಿದ್ದರು. ಬುತ್ತಿಗೆ ಕನಸು ಬೀಳುವುದಿಲ್ಲ. ಬೆಳ್ಳುಳ್ಳಿ ಚಟ್ನಿಯ ವಾಸನೆಯಲ್ಲೇ ನಾನು ವರ್ಷಗಳನ್ನು ಕಳೆದೆ.

ಒಡೆಯರು ಯಾರನ್ನೂ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ಬಿಂಕ ಎಂದು ಕಚೇರಿಯವರು ತಿಳಿದಿದ್ದರು. ಕಾರಣ ಗೊತ್ತಿದ್ದದ್ದು ನನಗೆ ಮತ್ತು ಬುತ್ತಿಗೆ. ಮೊದಮೊದಲು ಅವರು ಓರೆಗಣ್ಣಿನಲ್ಲೇ ನನ್ನತ್ತ ನೋಡುತ್ತಿದ್ದರು. ಬರಬರುತ್ತ ಕುತ್ತಿಗೆ ತಿರುಗಿಸಬೇಕಾಯಿತು, ಆಮೇಲೆ ಹೆಗಲನ್ನೂ. ಅವರ ಎಡಗಣ್ಣಿನಲ್ಲಿ ಮಂಜು ಕಟ್ಟಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಬುತ್ತಿಗೆ ಹೇಳಿದರು: “ಅಪ್ಪಗ ಆಪರೇಷನ್ ಮಾಡಿಸಿದ್ವಿ, ಇದ್ದಷ್ಟು ಬೆಳಕೂ ಹೋತು. ನಾ ಒಲ್ಲೆ.” ಬುತ್ತಿ ಏನೂ ಅನ್ನಲಿಲ್ಲ. ಪಕ್ಕದಲ್ಲಿ ಮನುಷ್ಯರು ಕೂತರೆ ಹೀಗೆ ಸುಮ್ಮನಿರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಊರಿನಲ್ಲಿ ‘ಕೂಡಿ ಬರೋಣ’ ಎಂಬ ಯೋಜನೆ ಹೊರಟಿತು. ನೌಕರರು ಒಬ್ಬೊಬ್ಬರೇ ಕಾರು ತರಬಾರದು. ಬಸ್ಸಿನಲ್ಲಿ ಬರಲಿ, ಸೈಕಲ್ಲಿನಲ್ಲಿ ಬರಲಿ, ಇಲ್ಲವೇ ಒಂದೇ ಕಾರಿನಲ್ಲಿ ಕೂಡಿ ಬರಲಿ. ಕೂಡಿ ಬಂದವರ ಕಾರಿಗೆ ಕಚೇರಿಯ ಅಂಗಳದ ಬೇವಿನ ಮರದ ನೆರಳು. ಒಬ್ಬರೇ ಬಂದವರ ಕಾರಿಗೆ ಹಿಂದಿನ ಗೋಡೆಯ ಪಕ್ಕದ ಬಿಸಿಲು. ಧಾರವಾಡದ ಏಪ್ರಿಲ್ ಕಂಡವರಿಗೆ ಇದು ಎಂಥ ಶಿಕ್ಷೆಯೆಂದು ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ, ವಿಭಾಗದ ಮುಖ್ಯಸ್ಥರು ಮಾದರಿಯಾಗಬೇಕೆಂದು ದೊಡ್ಡ ಸಾಹೇಬರ ಅಪ್ಪಣೆಯಾಯಿತು. ಒಡೆಯರ ಮನೆಯಿಂದ ಎರಡು ಓಣಿ ಆಚೆಗಿದ್ದ ಕಸ್ತೂರಿ ತಡಕೋಡ ಎಂಬುವರು ಒಡೆಯರಿಗೆ ಜೋಡಿಯಾದರು. ಅವರೂ ಇನ್ನೊಂದು ವಿಭಾಗದ ಮುಖ್ಯಸ್ಥರೇ. ಮಾತು ಬಲು ಚುರುಕು. ಮೇಡಂ ಎನ್ನುವ ಬದಲು ಕಚೇರಿಯವರು ಅವರನ್ನು ಬಾಯಾರು ಎನ್ನುತ್ತಿದ್ದರು.

ಮೊದಲ ಬೆಳಿಗ್ಗೆ ತಡಕೋಡ ಬಾಯಾರು ನನ್ನ ಬಾಗಿಲು ತೆರೆದರು. ಬೆಲ್ಟು ಹಾಕಿಕೊಂಡು ಕೂತ ಬುತ್ತಿಯನ್ನು ನೋಡಿದರು.

“ಇಲ್ಲಿ ಆಗಲೇ ಒಬ್ರು ಕುಂತಾರ. ನಾ ಹಿಂದ ಕುಂಡ್ರತೀನ್ರಿ,” ಎಂದರು.

ಒಡೆಯರ ಎದೆ ಹಗುರಾದದ್ದು ಅಣ್ಣನಿಗೆ ಬೆನ್ನಿನಿಂದಲೇ ತಿಳಿಯಿತಂತೆ. ಹೀಗೆ ಕಾರಿನಲ್ಲಿ ಇಬ್ಬರಾದರು, ಯೋಜನೆ ಗೆದ್ದಿತು, ನಾನು ಮಾತ್ರ ಹಾಗೆಯೇ ಉಳಿದೆ.

ಕೆಟ್ಟದ್ದು ಹೊಸ ವಾಚ್‌ಮನ್ ದಾವಲಸಾಬ ಬಂದ ದಿನ. ಗೇಟಿನಲ್ಲಿ ಅವನು ಹಿಂದಿನ ಸೀಟಿಗೆ ಬಿಗಿಯಾಗಿ ಸೆಲ್ಯೂಟ್ ಹೊಡೆದು, ಮುಂದೆ ಬಂದು ಒಡೆಯರ ಕಿಟಕಿಗೆ ಬಡಿದ.

“ಏ ಡ್ರೈವರ್, ಮೇಡಂ ಅವರನ್ನ ಮೆಟ್ಟಲ ಹತ್ರ ಇಳಿಸಿ, ಗಾಡಿ ಬೇವಿನ ಗಿಡದ ಬುಡಕ ಹಚ್ಚೋ!”

ಒಡೆಯರು ಬಾಯಿ ತೆರೆಯುವ ಮುನ್ನ ಹಿಂದಿನಿಂದ ಬಾಯಾರ ದನಿ ಬಂತು: “ಹಚ್ಚಪಾ, ಲಗೂನ ಹಚ್ಚು. ಹೊತ್ತಾತು.”

ಆಕೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಡೆಯರು ನಗಲಿಲ್ಲ. ಮರುದಿನ ಬುತ್ತಿ ಹಿಂದಿನ ಸೀಟಿಗೆ ಹೋಯಿತು.

“ಮುಂದ ಬರ್ರಿ, ಬಾಯಾರ.”

“ಮಂದಿ ಏನಂತಾರ್ರೀ ಸರ?”

“ಏನರೆ ಅನ್ಲಿ. ಡ್ರೈವರ್ ಅನಬಾರ್ದು.”

ಇಷ್ಟು ವರ್ಷ ಭಯ ಕಾಪಾಡಿದ್ದ ಗುಟ್ಟಿಗೆ ಹೀಗೆ ಒಂದು ಸೆಲ್ಯೂಟು ಸಾಕ್ಷಿಯನ್ನು ತಂದು ಎಡಗಡೆ ಕೂರಿಸಿತು.

ಬಾಯಾರು ನನ್ನ ಮೇಲೆ ಕೂತಾಗ ನಾನು ಒಳಗೊಳಗೇ ಉಬ್ಬಿದೆ. ಅವತ್ತು ಆಕೆ ಮನೆಯ ಗಿಡದ ಪೇರಲ ಹಣ್ಣು ತಂದಿದ್ದರು. ಒಂದನ್ನು ಸೀಳಿ, ಅರ್ಧವನ್ನು ಒಡೆಯರತ್ತ ಹಿಡಿದರು. ಒಡೆಯರು ರಸ್ತೆಯನ್ನೇ ನೋಡುತ್ತಿದ್ದರು. ಮೂಗರಳಿಸಿದರು.

“ಎಲ್ಲೋ ಪ್ಯಾರಲ ಹಣ್ಣಿನ ವಾಸನಿ ಬರಾಕತ್ತೈತಲ್ರೀ!”

ಆಕೆಯ ಕೈ ಒಂದು ಕ್ಷಣ ಹಾಗೆಯೇ ಗಾಳಿಯಲ್ಲಿ ನಿಂತಿತು. ಇದು ಚೇಷ್ಟೆಯೆಂದು ಆಕೆಗೆ ಅನ್ನಿಸಿರಬೇಕು. ಎರಡೂ ಹೋಳುಗಳನ್ನು ತಾವೇ, ಬೀಜ ಸಮೇತ, ಸಿಟ್ಟಿನಿಂದ ಅಗಿದು ತಿಂದರು.

ಮರುದಿನ ವಿದ್ಯಾನಗರದಲ್ಲಿ ಅದು ನಡೆಯಿತು. ಎಡಗಡೆಯ ಓಣಿಯಿಂದ ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಮೆಲ್ಲಗೆ ರಸ್ತೆಗಿಳಿಯಿತು. ನಾನು ಕಂಡೆ, ಬಾಯಾರು ಕಂಡರು. ಕಾರು ಮಾತ್ರ ವೇಗ ತಗ್ಗಿಸಲಿಲ್ಲ. ಆಕೆಯ ಕಾಲು ನನ್ನ ಮುಂದೆ ಇಲ್ಲದ ಬ್ರೇಕನ್ನು ಬಲವಾಗಿ ಒತ್ತಿತು.

“ಎಡಕ! ಸರ, ಎಡಕ ನೋಡ್ರೀ!”

ಇರುವ ಬ್ರೇಕು ಆಗ ಬಿತ್ತು. ಚಕ್ರ ಚೀರಿತು. ಸೈಕಲ್ಲಿನವನು ಹಾರಿ ನಿಂತ, ಕ್ಯಾನು ಉರುಳಿತು, ಹಾಲು ರಸ್ತೆಯ ಮೇಲೆ, ಯಾವ ಆತುರವೂ ಇಲ್ಲದೆ, ಬೆಳ್ಳಗೆ ಹರಡಿಕೊಂಡಿತು.

“ಕಣ್ಣು ಕಾಣಂಗಿಲ್ಲೇನ್ರೀ?” ಎಂದು ಅವನು ಕೂಗಿದ.

ನಮ್ಮ ರಸ್ತೆಗಳಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಉತ್ತರವನ್ನು ಯಾರೂ ಬಯಸುವುದಿಲ್ಲ. ಒಡೆಯರು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಉತ್ತರ ಕೊಟ್ಟರು.

“ಇಲ್ಲಪಾ,” ಎಂದರು.

ಒಡೆಯರು ಇಳಿದು ಅವನ ಕ್ಯಾನನ್ನು ಎತ್ತಿ ಕಟ್ಟಿಕೊಟ್ಟು ಬಂದರು. ಬಾಯಾರು ಅವರನ್ನೇ ನೋಡುತ್ತಿದ್ದರು.

“ನಿನ್ನಿ ಪ್ಯಾರಲ ನಿಮಗ ಕಾಣಲಿಲ್ಲೇನು?”

“ನಿಮ್ಮ ಕೈಯಾಗಿತ್ತೇನು ಅದು?”

“ನಿಮ್ಮ ಕೆನ್ನಿ ಹತ್ರ ಹಿಡದಿದ್ನಲ್ರೀ! ಚೇಷ್ಟಿ ಮಾಡ್ತೀರಿ ಅಂತ ನಾ ಎರಡೂ ಹೋಳು ನುಂಗಿದೆ.” ದನಿ ತಗ್ಗಿಸಿ ಕೇಳಿದರು, “ಮನ್ಯಾಗ ಗೊತ್ತೈತಿ?”

“ಇಲ್ರಿ. ನಮ್ಮಪ್ಪಗ ಆಪರೇಷನ್ ಮಾಡಿಸಿ...”

“ನಿಮ್ಮಪ್ಪನ ಕಾಲ ಬ್ಯಾರೆ, ಈಗಿನ ಕಾಲ ಬ್ಯಾರೆ. ಆ ಹುಡುಗ ಹಾರಿ ಉಳದ. ಎಲ್ಲಾರೂ ಹಾರಾಂಗಿಲ್ಲ, ಸರ. ಹಿಂಗ ಬರ್ರಿ, ಈ ಕಡೆ ಕುಂಡ್ರರಿ.”

“ನಿಮಗ ಗಾಡಿ ಬರ್ತೈತೇನ್ರಿ?”

“ನಮ್ಮೂರ ತಡಕೋಡದಾಗ ಟ್ರ್ಯಾಕ್ಟರ್ ಹೊಡದಾಕಿ ನಾ. ಇದೇನ್ ಮಹಾ! ಎತ್ತಿನ ಮುಂದ ಕರಾ ಇದ್ದಂಗೈತಿ.”

ಒಡೆಯರು ಕಾರನ್ನು ಸುತ್ತುಹಾಕಿ ಬಂದು ನನ್ನ ಮೇಲೆ ಕೂತರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಅವರಿಗೆ ನನ್ನ ಪರಿಚಯವೇ ಇರಲಿಲ್ಲ. ಬೆಲ್ಟಿಗಾಗಿ ಬಲಗಡೆ ತಡಕಾಡಿದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು. ನಾನು ನನ್ನಿಂದಾದಷ್ಟು ಮೆತ್ತಗಾದೆ.

ಮುಂದೆ ಉಣಕಲ್ ಕೆರೆ ಬಂತು. ಧಾರವಾಡಕ್ಕೆ ಹೋಗುವಾಗ ಅದು ಎಡಕ್ಕೆ ಬೀಳುತ್ತದೆ. ಒಡೆಯರು ಮುಖವನ್ನು ಪೂರ್ತಿ ಕಿಟಕಿಗೆ ತಿರುಗಿಸಿ, ಇರುವ ಒಂದು ಕಣ್ಣಿನಲ್ಲಿ ನೋಡಿದರು. ನೀರಿನ ಮೇಲೆ ಬೆಳಗಿನ ಬಿಸಿಲು ಹಾಲಿನಂತೆಯೇ ಹರಡಿತ್ತು.

“ಕೆರಿ ಇಲ್ಲೇ ಐತಲ್ಲ!” ಎಂದರು.

“ಎಲ್ಲಿಗ್ ಹೋಗಿತ್ತು ಅನಕೊಂಡಿದ್ರಿ?” ಎಂದರು ಬಾಯಾರು, ಗೇರು ಬದಲಿಸುತ್ತ.

ನವನಗರ ಬರುವಷ್ಟರಲ್ಲಿ ಒಡೆಯರಿಗೆ ನಿದ್ದೆ ಹತ್ತಿತು. ಒಂಟಿಗಣ್ಣಿನಲ್ಲಿ ರಸ್ತೆ ಕಾಯ್ದ ದಣಿವೆಲ್ಲ ಒಮ್ಮೆಲೇ ನನ್ನ ಮೇಲೆ ಬಿತ್ತು. ಹಿಂದೆಯೇ ಕನಸೂ ಬಂತು. ಕನಸಿನಲ್ಲಿ ಆ ಕೆರೆಗೆ ಎಡಬಲಗಳಿರಲಿಲ್ಲ. ಅದರ ನಡುವೆ ಪಾತ್ರೆ ವ್ಯಾಪಾರಿಯ ಹೆಂಡತಿಯ ಕೊಡಗಳು ತೇಲುತ್ತಿದ್ದವು. ಅವು ಇವರ ಕನಸಿಗೆ ಹೇಗೆ ಬಂದವೋ, ನಾನೇ ಸೋರಿರಬೇಕು. ಏರಿಯ ಮೇಲೆ ಅವರ ತಂದೆ ಕೂತು ಪೇರಲ ಹಣ್ಣು ಸೀಳುತ್ತಿದ್ದರು. ಅರ್ಧವನ್ನು ಮಗನತ್ತ ಹಿಡಿದರು. ಈ ಸಲ ಮಗ ತೆಗೆದುಕೊಂಡ.

ಗೇಟಿನಲ್ಲಿ ದಾವಲಸಾಬ ಗೊಂದಲಕ್ಕೆ ಬಿದ್ದ. ಬಲಗಡೆ ಮೇಡಂ, ಎಡಗಡೆ ನಿದ್ದೆ ಮಾಡುತ್ತಿರುವ ಡ್ರೈವರ್. ಕೊನೆಗೆ ಕಾರಿನ ನಟ್ಟನಡುವಿಗೆ, ವೈಪರಿಗೆ, ಒಂದು ಸೆಲ್ಯೂಟ್ ಹೊಡೆದ. ಕಾರು ಬೇವಿನ ನೆರಳಿಗೆ ಹೋಗಿ ನಿಂತಿತು. ಬಾಯಾರು ಅವರನ್ನು ತಕ್ಷಣ ಎಬ್ಬಿಸಲಿಲ್ಲ.

ಅದೆಲ್ಲ ಹಳೆಯ ಮಾತು. ಕಾರು ಬಿಚ್ಚಿಹೋಯಿತು. ಅಣ್ಣ ಯಾವ ಗುಜರಿಯಲ್ಲಿದ್ದಾನೋ ಗೊತ್ತಿಲ್ಲ. ಗೋಕುಲ ರಸ್ತೆಯ ಗ್ಯಾರೇಜೊಂದರ ಮುಂದೆ ನನ್ನನ್ನು ಇಟ್ಟಿಗೆಗಳ ಮೇಲೆ ಕೂರಿಸಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಮೆಕ್ಯಾನಿಕ್ಕುಗಳು ಸರದಿಯ ಮೇಲೆ ಬಂದು ನನ್ನ ಮೇಲೆ ಒರಗುತ್ತಾರೆ. ಈಗ ನನಗೆ ಎಡವಿಲ್ಲ, ಬಲವಿಲ್ಲ. ಹೊಲಿಗೆಯ ಸಂದಿಯಲ್ಲಿ ಅವತ್ತು ಉದುರಿದ ಒಂದೆರಡು ಪೇರಲ ಬೀಜಗಳಿವೆ. ಮಳೆ ಬಂದಾಗ ಅವು ಮೊಳೆತಾವೇನೋ ಎಂದು ನಾನು ಸ್ವಲ್ಪ ಹೊತ್ತು ಕಾಯುತ್ತೇನೆ. ಮೊಳೆಯುವುದಿಲ್ಲ.

ಒಡೆಯರಿಗೆ ಆಪರೇಷನ್ ಆಯಿತು. ಆಸ್ಪತ್ರೆಗೆ ಬಾಯಾರೇ ಕಾರು ಹೊಡೆದರು. ಕಣ್ಣು ಚೆನ್ನಾಗಿ ಬಂತು. ಆದರೂ ಅವರು ನಿವೃತ್ತರಾಗುವವರೆಗೂ ಎಡಗಡೆಯೇ ಕೂತರು.