ಕಂಬಳಿಯಿಂದ ಹೊರಬಂದ ಕೈ

ಸಿದ್ದಾಪುರದ ಕನಕಪ್ಪ ಹೆಂಡತಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದ. ಎಡವಟ್ಟಾಗಿದ್ದೂ ಅಲ್ಲೇ.

ಹುಲಗಮ್ಮನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ತಡಮಾಡದೆ ಆಸ್ಪತ್ರೆಗೆ ಒಯ್ದಿದ್ದರಿಂದ ಜೀವ ಉಳಿಯಿತು. ಮನೆಗೆ ಬಂದ ಮೇಲೆ ಕನಕಪ್ಪ ಗುಳಿಗೆ ತಪ್ಪಿಸಲಿಲ್ಲ. ಆದರೆ ಡಾಕ್ಟರು ಹೇಳಿದ ವ್ಯಾಯಾಮ ಮಾಡಿಸುವುದನ್ನು ಬಿಟ್ಟುಬಿಟ್ಟ. ಸೋತ ಕೈಗೆ ಗಾಳಿ ತಾಗಬಾರದು ಎಂದು ಹಿರಿಯರು ಹೇಳುತ್ತಿದ್ದರಲ್ಲ, ಅದನ್ನೇ ನಂಬಿದ. ಎಣ್ಣೆ ಹಚ್ಚಿ, ಕಂಬಳಿ ತುಂಡು ಸುತ್ತಿ ಬಿಗಿಯಾಗಿ ಕಟ್ಟಿಟ್ಟ. ತುತ್ತನ್ನೂ ತಾನೇ ತಿನ್ನಿಸಿದ. ಕೈ ದಿನದಿನಕ್ಕೆ ಸೆಟೆದುಕೊಂಡಿತು. ಯಾರಾದರೂ ಮನೆಗೆ ಬಂದರೆ ಹುಲಗಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

ಒಂದು ಮುಂಜಾನೆ ಆಶಾ ಕಾರ್ಯಕರ್ತೆ ಗಂಗಾ ಒಬ್ಬ ಹುಡುಗಿಯನ್ನು ಕರೆತಂದಳು. ಹೆಸರು ಸಹನಾ, ಹುಲಿಹೈದರದವಳು, ಫಿಸಿಯೋಥೆರಪಿ ಓದಿನ ಕೊನೆಯ ವರ್ಷ. ಹಳ್ಳಿಯಲ್ಲಿದ್ದು ಕಲಿಯಲೆಂದು ಕಾಲೇಜಿನವರು ಕಳಿಸಿದ್ದರು.

ಕನಕಪ್ಪ ಹುಬ್ಬು ಗಂಟಿಕ್ಕಿದ. "ಅಂದ್ರ ಇನ್ನಾ ಕಲಿಯಾಕತ್ತೀಯಂದಂಗಾತು. ನಿಮ್ಮ ಕಲಿಕಿಗೆ ನಮ್ಮಾಕೀನ ಸಿಕ್ಕಳೇನು?"

"ಹೌದ್ರಿ ಕಾಕಾ, ಕಲಿಯಾಕ ಬಂದೀನಿ," ಎಂದಳು ಸಹನಾ. "ನಮ್ಮ ಮೇಡಮ್ಮಾರು ಬಂದು ತಿದ್ದತಾರ. ಪ್ಯಾಟಿ ಆಸ್ಪತ್ರಿಯಾಗ ಮಂಚದ ಮ್ಯಾಲಿಂದ, ಕುರ್ಚಿ ಮ್ಯಾಲಿಂದ ಎಬ್ಬಿಸೋದು ಕಲಿತೀನಿ. ನೆಲದ ಮ್ಯಾಲ ಕುಂತೋರನ್ನ ಎಬ್ಬಿಸೋದು ಇಲ್ಲೇ ಕಲೀಬೇಕ್ರಿ."

"ಗಾಳಿ ಬಡದ್ರ ಕೈ ಪೂರಾ ಹೋಗತೈತಿ ಯವ್ವಾ."

"ಗಾಳಿಯಿಂದ ಆಗಿದ್ದಲ್ಲ ಕಾಕಾ. ಮೆದುಳಿಗೆ ರಕ್ತ ಸರಿಯಾಗಿ ಹೋಗಲಿಲ್ಲ, ಅದಕ ಕೈ ಸೋತೈತಿ. ಕಟ್ಟಿಟ್ರ ಕೀಲು ಹಿಡಕೊಂತಾವು. ಪೂರಾ ಮೊದಲಿನಂಗ ಆಗತೈತಿ ಅಂತ ಸುಳ್ಳು ಹೇಳಂಗಿಲ್ಲ. ಆಡಿಸಿದ್ರ ಕೈ ಏನಾರ ಕಲೀತೈತಿ."

ಗೋಡೆಯ ಕಡೆಯಿಂದಲೇ ಹುಲಗಮ್ಮ ಗಂಡನಿಗೆ ಅಂದಳು: "ಬಿಚ್ಚಲಿ ಬಿಡ್ರಿ."

ಸಹನಾ ಕಂಬಳಿ ಬಿಚ್ಚಿ, ಮೊದಲು ಒಂದು ರಬ್ಬರ್ ಚೆಂಡು ಕೊಟ್ಟು, ಹಿಚುಕಲು ಹೇಳಿದಳು. "ನಾನೇನು ಸಣ್ಣ ಕೂಸೇನವ್ವ?" ಎಂದು ಹುಲಗಮ್ಮ ಅದನ್ನು ಉರುಳಿಸಿಬಿಟ್ಟಳು. ಮರುದಿನ ಬಂದ ಮೇಡಂ ಇದನ್ನು ಕೇಳಿ ನಕ್ಕರು. "ಆಕೀಗೆ ಏನು ಬೇಕು ಅಂತ ಕೇಳಿದ್ಯಾ?" ಎಂದರು. ಸಹನಾ ಕೇಳಿರಲಿಲ್ಲ. ಈಗ ಹುಲಗಮ್ಮನ ಪಕ್ಕ ನೆಲದ ಮೇಲೆ ಕೂತು ಕೇಳಿದಳು.

ಹುಲಗಮ್ಮನ ಕಣ್ಣು ತುಂಬಿತು. "ಮಂದಿ ಬಂದಾಗ ನನ್ನ ಸೆರಗು ನಾನ ಹೊತ್ಕೋಬೇಕವ್ವ. ಒಂದ ಕೈಲೆ ಎಳದ್ರ ಆಕಡೆ ಜಾರತೈತಿ. ಎಲ್ಲಾದಕ್ಕೂ ಇವರನ್ನ ಕರೀಬೇಕು. ನಾಚಿಕಿ ಬರತೈತಿ."

ಅಂದಿನಿಂದ ಸೆರಗೇ ವ್ಯಾಯಾಮವಾಯಿತು. ಎಡಗೈ ಆಸರೆಯಲ್ಲಿ ಬಲಗೈ ಎತ್ತುವುದು, ಸೆರಗಿನ ಅಂಚು ಹಿಡಿಯುವುದು, ಬಿಡುವುದು. ಕನಕಪ್ಪ ಹೆಂಡತಿಯನ್ನು ಸೋತ ಕೈ ಹಿಡಿದು ಎಬ್ಬಿಸುತ್ತಿದ್ದ. "ಹಂಗ ಜಗ್ಗಬ್ಯಾಡ್ರಿ ಕಾಕಾ, ಭುಜದ ಕೀಲು ಜಾರತೈತಿ," ಎಂದು ಸಹನಾ ತಡೆದಳು. ಎಡಕ್ಕೆ ಹೊರಳಿ, ಮೊಣಕಾಲೂರಿ, ಕಟ್ಟೆ ಹಿಡಿದು ಏಳುವುದನ್ನು ಇಬ್ಬರಿಗೂ ಕಲಿಸಿದಳು. ತಪ್ಪಿದಲ್ಲಿ ಮೇಡಂ ತಿದ್ದಿದರು.

ಭತ್ತದ ನಾಟಿ ಮುಗಿಯುವ ಹೊತ್ತಿಗೆ ಒಂದು ದಿನ ಕನಕಪ್ಪನ ಅಣ್ಣ ಬಾಗಿಲಿಗೆ ಬಂದ. ಹೆಂಡತಿಯ ಸೆರಗು ಸರಿಮಾಡಲು ಕನಕಪ್ಪ ಎಂದಿನಂತೆ ಎದ್ದ. ಹುಲಗಮ್ಮ ಕಣ್ಣಲ್ಲೇ ಗದರಿಸಿದಳು. ಅವಳ ಬಲಗೈ ನಡುಗುತ್ತ ಮೇಲೆ ಹೋಯಿತು. ಸೆರಗು ತಲೆಯ ಮೇಲೆ ಸೊಟ್ಟಗೆ ಕೂತಿತು, ಆದರೂ ಕೂತಿತು.

"ಬರ್ರಿ ಭಾವ, ಕುಂದರ್ರಿ," ಎಂದಳು. ಕನಕಪ್ಪ ಕಣ್ಣೊರೆಸಿಕೊಳ್ಳಲು ಹಿತ್ತಲಿಗೆ ಹೋದ.

ಸಹನಾ ತರಬೇತಿ ಮುಗಿಸಿ ಹೊರಟ ದಿನ ಕನಕಪ್ಪ ಮೇಡಂ ಮುಂದೆ ನಿಂತ. "ನಿಮ್ಮ ಮುಂದಿನ ಹುಡುಗೂರನ್ನೂ ನಮ್ಮನೀಗೇ ಕಳಸ್ರಿ. ನಮ್ಮಾಕಿ ಕೈ ಹಿಡಕೊಂಡು ಕಲೀಲಿ."

ಅಕ್ಕಂದಿರೇ, ಅಣ್ಣಂದಿರೇ, ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಆಮೇಲೆ ಸೋತ ಕೈಯನ್ನು ಕಟ್ಟಿಡಬೇಡಿ. ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆಂದು ಡಾಕ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಕಲಿಯಲು ಬಂದ ಮಕ್ಕಳಿಗೆ ಬಾಗಿಲು ಹಾಕಬೇಡಿ. ಮನೆಯಲ್ಲಿ ವಿಜ್ಞಾನ ಓದುವ ಮಗಳೋ ಮಗನೋ ಇದ್ದರೆ ಫಿಸಿಯೋಥೆರಪಿ ಓದಿನ ಸುದ್ದಿಯನ್ನೂ ಹೇಳಿ. ನಮ್ಮ ಜೊತೆ ನೆಲದ ಮೇಲೆ ಕೂತು ನಮ್ಮನ್ನು ಎಬ್ಬಿಸುವವರು ನಮ್ಮ ಊರುಗಳಿಂದಲೂ ಬರಲಿ.