ಕೆಂಪು ಗೀಟು

ಮರುದಿನ ಬೆಳಿಗ್ಗೆ ವಿದ್ಯಾನಗರದ ಡಾಕ್ಟರಬಾಯಿಯ ಹತ್ತಿರ ಹೋಗಬೇಕಿತ್ತು. ಸಂಜೆಯೇ ಕೈಚೀಲ ತುಂಬುತ್ತ ಕುಳಿತೆ. ಹಳೆಯ ಚೀಟಿಗಳು, ಒಗೆದ ಬಿಳಿ ಬಟ್ಟೆ, ತೊಳೆದು ಒಣಗಿಸಿದ ಒಂದು ಬಾಟಲಿ. ಮದುವೆಯಾಗಿ ಹನ್ನೊಂದು ವರ್ಷ, ಮಡಿಲು ತುಂಬಿರಲಿಲ್ಲ. ಅಷ್ಟರಲ್ಲಿ ಎಷ್ಟು ಜನ ನನ್ನ ನಾಡಿ ಹಿಡಿದರೋ, ಎಷ್ಟು ಜನ ಹೊಟ್ಟೆ ಒತ್ತಿದರೋ. ದುರ್ಗದಬೈಲಿನ ನಾಟಿ ವೈದ್ಯರ ಕಷಾಯ ಕುಡಿದು ಕುಡಿದು ನಾಲಿಗೆ ಜಡ್ಡುಗಟ್ಟಿತ್ತು. ಆಸೆ ಪಡುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ, ನನ್ನಲ್ಲಿ ಅದು ತೀರಿಹೋಗಿತ್ತು.

ಈ ಡಾಕ್ಟರಬಾಯಿ ಔಷಧ ಕೊಡಲಿಲ್ಲ. ಒಂದು ಥರ್ಮಾಮೀಟರು, ಮೂರು ತಿಂಗಳಿಗಾಗುವ ಚೌಕಳಿ ಹಾಳೆ ಕೊಟ್ಟರು. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ, ಮಾತಾಡದೆ, ಐದು ನಿಮಿಷ ಕಡ್ಡಿ ಬಾಯಲ್ಲಿಟ್ಟುಕೊಂಡು ಮೈಯ ಕಾವು ಬರೆದು ತರಬೇಕೆಂದರು. ಹೇಳುವುದು ಸುಲಭ. ನಮ್ಮ ಮನೆಯಲ್ಲಿ ಸೊಸೆ ಎಲ್ಲರಿಗಿಂತ ಮೊದಲೆದ್ದು ಅಂಗಳಕ್ಕೆ ನೀರು ಹೊಡೆಯಬೇಕು. ನಾನು ಗಾಜಿನ ಕಡ್ಡಿ ಕಚ್ಚಿಕೊಂಡು ಜಂತಿ ನೋಡುತ್ತ ಮಲಗಿರುವಾಗ ಅತ್ತೆ ಈರವ್ವ ಹೊರಗೆ ಕೊಡ ಕುಕ್ಕುತ್ತಿದ್ದರು. ಬಸುರಿಯರೂ ಇಷ್ಟೊತ್ತು ಮಲಗುವುದಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ಉತ್ತರ ಕೊಡೋಣವೆಂದರೆ ಬಾಯಿ ತೆಗೆಯುವಂತಿಲ್ಲ. ಮೂರು ತಿಂಗಳು ಹೀಗೆ ಬೈಸಿಕೊಂಡೆ.

ಕಡ್ಡಿ ಓದಿ ಹಾಳೆಯಲ್ಲಿ ಚುಕ್ಕೆ ಇಡುವ ಕೆಲಸ ನಮ್ಮ ಮನೆಯವರದು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಕೂದಲೆಳೆಯಷ್ಟು ಅಳತೆಯನ್ನೂ ಓದುವ ಕಣ್ಣು. ಹಾಳೆ ಮುದುಡಬಾರದೆಂದು ತಮ್ಮ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾಲ್ಕನೇ ಇಯತ್ತೆ ಕಲಿತ ನನಗೆ ಅದರಲ್ಲಿ ಏನು ತಿಳಿದೀತು ಎಂದು ನಾನೂ ಕೇಳಿರಲಿಲ್ಲ.

ಡಾಕ್ಟರಬಾಯಿಯ ಒಂದು ಮಾತನ್ನು ಮಾತ್ರ ಅವರಿಂದ ಮುಚ್ಚಿಟ್ಟಿದ್ದೆ. ಚೀಟಿಯ ಹಿಂದೆ ಗೀಟು ಎಳೆದು ತೋರಿಸಿದ್ದರು: ಅರ್ಧ ತಿಂಗಳು ಕಾವು ಕೆಳಗೆ, ಆಮೇಲೆ ಒಂದು ಮೆಟ್ಟಿಲು ಮೇಲೆ. ಹಾಗೆ ಬಂದರೆ ನಿನ್ನಲ್ಲಿ ದೋಷ ಕಾಣುವುದಿಲ್ಲ, ಗಂಡನನ್ನು ಪರೀಕ್ಷೆಗೆ ಕರೆದುಕೊಂಡು ಬಾ. ಗೀಟು ನೆಟ್ಟಗೆ ಹೋದರೆ ತೊಂದರೆ ನಿನ್ನದೇ ಎಂದಿದ್ದರು. ಇದನ್ನು ಗಂಡನಿಗೆ ಯಾವ ಬಾಯಿಂದ ಹೇಳಲಿ? ಅತ್ತೆಯಂತೂ ಮೊದಲೇ ತೀರ್ಮಾನಿಸಿದ್ದರು. ಈ ಸಲವೂ ಸೊಸೆಯಲ್ಲೇ ದೋಷವೆಂದು ಬಂದರೆ ಅಣ್ಣಿಗೇರಿಯಿಂದ ತಮ್ಮನ ಮಗಳನ್ನು ಮಗನಿಗೆ ತರುವುದು.

ಚೀಲಕ್ಕೆ ಹಾಕಲೆಂದು ಪೆಟ್ಟಿಗೆಯಿಂದ ಹಾಳೆ ತೆಗೆದೆ. ಮೂರು ತಿಂಗಳ ಚುಕ್ಕೆಗಳೂ ರೈಲು ಹಳಿಯ ಹಾಗೆ ನೆಟ್ಟಗೆ ನಿಂತಿದ್ದವು. ಅಂದರೆ ತೊಂದರೆ ನನ್ನದೇ. ಮನೆಯವರು ಕೆಲಸ ಮುಗಿಸಿ ಬಂದು ಕೈಯ ಗ್ರೀಸು ತೊಳೆಯುವತನಕ ಕಾದೆ. ದಿನಾ ಒಂದೇ ಕಾವು ಬಂತೇನು ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಕಡ್ಡ್ಯಾಗ ಕೆಂಪ ಗೀಟು ಐತಲ್ಲ, ಸರಿ ಅಂದ್ರ ಅಲ್ಲಿಗೆ ಬರಬೇಕು. ನಿಂದು ದಿನಾ ಕೆಳಗ ಬರ್ತಿತ್ತು. ಅಳತಿ ಕಡಿಮಿ ಬಿದ್ದ ಮಾಲನ್ನ ನಮ್ಮ ಇನ್ಸ್‌ಪೆಕ್ಟರ್ ವಾಪಸ್ ಕಳಸ್ತಾನ. ನಿನ್ನ ಯಾರೂ ವಾಪಸ್ ಕಳಸಬಾರದಂತ ಚುಕ್ಕಿ ಎಲ್ಲಾ ಆ ಗೀಟಿಗೆ ಹಚ್ಚಿ ಬರದೇನಿ.”

ಸಿಟ್ಟು ಬಂತು. ಕಡ್ಡಿ ತೆಗೆದು ಗೋಡೆಗೆ ಎಸೆಯಬೇಕು ಅನಿಸಿತು. ಆದರೆ ಕೈ ಎತ್ತಲೂ ಆಗದಷ್ಟು ದಣಿದಿದ್ದೆ. ನನ್ನನ್ನು ಉಳಿಸಿಕೊಳ್ಳಲೆಂದೇ ಈ ಮನುಷ್ಯ ದಿನಾ ನಸುಕಿನಲ್ಲಿ ಕುಳಿತು ನನ್ನ ಕುತ್ತಿಗೆಗೆ ಹಗ್ಗ ಹೊಸೆದಿದ್ದ. ಖರೇ ಕಾವು ಹೇಗಿತ್ತು ಎಂದೆ.

“ಮೊದಲ ಹದಿನೈದ ದಿನ ಭಾಳ ಕೆಳಗ. ಆಮ್ಯಾಲೆ ಏರಿ ಗೀಟಿನ ಸನೇಕ ನಿಲ್ಲತಿತ್ತು. ಮೂರೂ ತಿಂಗಳು ಹಂಗ. ಒಂದ ಅಳತಿಗೆ ನಿಲ್ಲವಲ್ದಲ್ಲ ಅಂತ ಹೆದರಿಕಿ ಬಂತು, ದಾನವ್ವ.”

ಚೀಟಿಯ ಹಿಂದಿನ ಗೀಟನ್ನು ಅವರ ಮುಂದಿಟ್ಟೆ. ಮೆಟ್ಟಿಲಿಗೆ ಏನರ್ಥ, ನೆಟ್ಟಗಿನ ಗೀಟಿಗೆ ಏನರ್ಥ, ಎಲ್ಲ ಹೇಳಿದೆ. ಕೊನೆಗೆ ಉಳಿದ ಮಾತನ್ನೂ ಹೇಳಿದೆ. “ಹಿಂಗ ಬಂದ್ರ ನಿಮ್ಮನ್ನ ನೋಡಬೇಕಂತರಿ.”

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಊಟಕ್ಕೆ ಕುಳಿತಾಗ ಅತ್ತೆ ಎರಡು ಸಲ ರೊಟ್ಟಿ ಬೇಕೇ ಎಂದು ಕೇಳಿದರು, ಅದೂ ಅವರಿಗೆ ಕೇಳಿಸಲಿಲ್ಲ. ಈ ಹಾಳೆ ಉಪಯೋಗಕ್ಕಿಲ್ಲ, ಇನ್ನೂ ಮೂರು ತಿಂಗಳು ಕಡ್ಡಿ ಕಚ್ಚಬೇಕು, ಅಷ್ಟರೊಳಗೆ ಅಣ್ಣಿಗೇರಿಯ ಹುಡುಗಿ ಬಂದೇ ಬರುತ್ತಾಳೆ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ರೂಢಿಯಂತೆ ಕಡ್ಡಿ ಬಾಯಲ್ಲಿಟ್ಟುಕೊಂಡೆ. ವರ್ಕ್‌ಶಾಪಿನ ಮೊದಲ ಭೋಂಗಾ ಕೂಗಿತು. ಮನೆಯವರು ಕೆಲಸಕ್ಕೆ ಹೊರಡಲು ಗಡಬಡಿಸಲಿಲ್ಲ, ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, ನೆನಪಿದ್ದಷ್ಟು ಖರೇ ಅಂಕಿಗಳನ್ನು ಅದರ ಹಿಂಬದಿಗೆ ಬರೆಯುತ್ತಿದ್ದರು. ಹೊರಗೆ ಕೊಡ ಕುಕ್ಕುವ ಸದ್ದು ಶುರುವಾಯಿತು. ದವಾಖಾನೆಗೆ ಹೋಗುವ ದಿನವಾದರೂ ನಿನ್ನ ಹೆಂಡತಿ ಲಗೂ ಏಳುತ್ತಾಳೋ ಇಲ್ಲವೋ ಫಕೀರಪ್ಪ, ಎಂದು ಅತ್ತೆ ಕೂಗಿ ಕೇಳಿದರು.

ಅವರು ಎದ್ದು ಬಾಗಿಲು ತೆರೆದರು.

“ಅವ್ವಾ, ನೀರು ನೀನ ಹೊಡಿ. ಇವತ್ತ ದವಾಖಾನ್ಯಾಗ ತೋರಿಸಿಕೊಳ್ಳಾವ ನಾನು.”

ಹೊರಗಿನ ಸದ್ದು ನಿಂತಿತು. ನನ್ನ ಕಣ್ಣೀರು ಎರಡೂ ಬದಿಯಿಂದ ಕಿವಿಯೊಳಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ, ಅಲುಗಾಡಲೂ ಇಲ್ಲ. ಐದು ನಿಮಿಷ ಇನ್ನೂ ಆಗಿರಲಿಲ್ಲ.