ಕರ್ಚೀಫಿನ ಕೆಳಗಿನ ಮುಖ

ಕುಂಚ ಗದ್ದದ ತಿರುವಿಗೆ ಬಂದು ನಿಂತುಬಿಟ್ಟಿತು. ವರ್ಷಗಳಿಂದ ಕಣ್ಣು ಮುಚ್ಚಿ ಎಳೆಯುತ್ತ ಬಂದ ಗೆರೆ ಅದು. ಕಿವಿಯ ಬುಡದಿಂದ ಇಳಿದು, ಅಗಲ ದವಡೆಯನ್ನು ಬಳಸಿ, ನಡುವೆ ಸಣ್ಣ ಗುಳಿಯಿರುವ ಗದ್ದಕ್ಕೆ ಬಂದು ಸೇರುವ ಗೆರೆ. ಮಕ್ಕಳ ಪತ್ರಿಕೆಗೆ ಅವಳು ಬರೆಯುವ ಕಾಮಿಕ್ಸಿನ ನಾಯಕ ಸ್ಪ್ಯಾನರ್ ಮಾಮನ ಗೆರೆ. ಅದನ್ನೇ ಬೆಳಿಗ್ಗೆಯೂ ಒಮ್ಮೆ ಎಳೆದಿದ್ದೆನಲ್ಲ ಎಂದು ನೆನಪಾಯಿತು, ಅದೂ ಪೊಲೀಸ್ ಠಾಣೆಯಲ್ಲಿ. ಅವಳು ಕುಂಚವನ್ನು ಕೆಳಗಿಟ್ಟಳು.

ಸ್ಪ್ಯಾನರ್ ಮಾಮನ ಮುಖ ಬೇರೆ ಯಾರದ್ದೂ ಅಲ್ಲ, ಅವಳ ತಮ್ಮನದು. ಕಾಮಿಕ್ಸ್ ಶುರುವಾದಾಗ ಮಾಡೆಲ್ಲಿಗೆ ಕೊಡಲು ಕಾಸಿರಲಿಲ್ಲ, ತಮ್ಮ ಪುಕ್ಕಟೆಗೆ ಸಿಕ್ಕಿದ್ದ. ಅವನ ಕಸುಬೂ ಮಾಮನ ಕಸುಬೇ: ಮನೆಮನೆಗೆ ಹೋಗಿ ವಾಷಿಂಗ್ ಮೆಷಿನ್, ಫ್ರಿಜ್ಜು ರಿಪೇರಿ ಮಾಡುವುದು. ಒಂದೇ ವ್ಯತ್ಯಾಸವೆಂದರೆ ಮಾಮ ಮುಟ್ಟಿದ್ದೆಲ್ಲ ಕೊನೆಯ ಚೌಕದೊಳಗೆ ಸರಿಹೋಗುತ್ತಿತ್ತು, ತಮ್ಮ ಮುಟ್ಟಿದ್ದಕ್ಕೆ ಸದಾ ಒಂದು ಪಾರ್ಟು ಸಿಗುತ್ತಿರಲಿಲ್ಲ.

ಸ್ವಂತ ಕಸುಬಿನವರ ಬಾಯಲ್ಲಿ 'ಆಗಲ್ಲ' ಎಂಬ ಮಾತು ಬರುವುದಿಲ್ಲ. ಸೋಪಿನ ಡಬ್ಬಿಯ ಮೇಲಿನ ಮೊಲ, ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಗುವ ದವಡೆಹಲ್ಲು, ಯಾವುದು ಬಂದರೂ ಅವಳು ಹೂಂ ಎನ್ನುತ್ತಿದ್ದಳು. ಬೆಳಿಗ್ಗೆ ಇನ್‌ಸ್ಪೆಕ್ಟರು ಫೋನ್ ಮಾಡಿ, "ನಮ್ಮ ಆರ್ಟಿಸ್ಟು ಹುಷಾರಿಲ್ಲದೆ ಮಲಗಿದಾನೆ, ನೀವು ಬರ್ತೀರಾ?" ಎಂದಾಗಲೂ ಹೂಂ ಎಂದಿದ್ದಳು. ಹಿಂದಿನ ದಿನ ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಯಾರೋ ಒಬ್ಬ ಒಂದು ಮಗುವಿನ ಕೈ ಹಿಡಿದು ವ್ಯಾನಿನತ್ತ ಎಳೆದಿದ್ದ. ಶಾಲೆಯ ಆಯಾ ಕಿರುಚಿಕೊಂಡದ್ದಕ್ಕೆ ಬಿಟ್ಟು ಓಡಿದ್ದ. ಅವನನ್ನು ನೋಡಿದವಳು ಆಯಾ ಒಬ್ಬಳೇ.

ಆಯಾ ಪಾಪ, ನೋಡಿದ್ದನ್ನು ನೋಡಿದ ಹಾಗೆ ಹೇಳಿದಳು. ಚಿಕ್ಕ ಹಣೆ, ಕೂಡಿದ ಹುಬ್ಬು, ಸ್ವಲ್ಪ ಒಳಗೆ ಹೋದ ಕಣ್ಣು. ಮೂಗಿನಿಂದ ಕೆಳಗೆ ಕರ್ಚೀಫ್ ಕಟ್ಟಿದ್ದ. "ಅರ್ಧ ಮುಖ ತಗೊಂಡು ನಾನೇನಮ್ಮಾ ಮಾಡ್ಲಿ? ಪೂರ್ತಿ ಮಾಡಿ ಕೊಡಿ" ಎಂದರು ಇನ್‌ಸ್ಪೆಕ್ಟರು. ಅವಳು ಪೂರ್ತಿ ಮಾಡಿಕೊಟ್ಟಳು. ಚಿತ್ರ ಬರೆಯುವ ಕೈ ಖಾಲಿ ಜಾಗ ಕಂಡರೆ ಸಹಿಸುವುದಿಲ್ಲ, ಗೊತ್ತಿಲ್ಲದ ಕಡೆ ಗೊತ್ತಿರುವುದನ್ನು ತುಂಬಿಬಿಡುತ್ತದೆ. ಮುಗಿದ ಚಿತ್ರ ನೋಡಿ ಆಯಾ ಬೆಚ್ಚಿಬಿದ್ದು, "ಹೂಂ, ಇವ್ನೇ" ಎಂದಿದ್ದಳು. ಆಗ ಚಿತ್ರ ಬರೆದವಳಿಗೆ ಖುಷಿಯಾಗಿತ್ತು!

ಈಗ ಅವಳು ತಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಫೋನನ್ನು ಚೀಲದ ತಳಕ್ಕೆ ಹಾಕುವುದು ಅವನ ಅಭ್ಯಾಸ. ಮತ್ತೆ ಮಾಡಿದಳು. ಅಷ್ಟರಲ್ಲಿ ಅವಳ ಫೋನಿಗೇ ಆ ಚಿತ್ರ ಬಂದು ಬಿದ್ದಿತು, ಕೆಳಮನೆಯವರ ವಾಟ್ಸಾಪ್ ಗುಂಪಿನಿಂದ. 'ಮಕ್ಕಳ ಕಳ್ಳ. ಕಂಡಲ್ಲಿ ಹಿಡಿಯಿರಿ' ಎಂದು, ಪೊಲೀಸರು ಹಂಚಿದ ಚಿತ್ರಕ್ಕೆ ಕೆಂಪಕ್ಷರದಲ್ಲಿ ಯಾರೋ ಸೇರಿಸಿದ್ದರು. ಚಿತ್ರ ಚೆನ್ನಾಗಿಯೇ ಬಂದಿತ್ತು, ಅದೇ ಅವಳನ್ನು ಹೆದರಿಸಿದ್ದು.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು.

"ಸರ್, ಆ ಚಿತ್ರ ತಪ್ಪು. ಕೆಳಗಿನ ಅರ್ಧ ನಾನೇ ಸುಮ್ನೆ ಬರೆದಿದ್ದು."

"ಏನಮ್ಮಾ ಹೀಗಂತೀರಿ? ಆಯಾನೇ ಇವ್ನೇ ಅಂದ್ಲಲ್ಲ."

"ಅವ್ಳು ಗದ್ದ ನೋಡೇ ಇಲ್ಲ ಸರ್. ಅದು ನನ್ನ ತಮ್ಮನ ಗದ್ದ."

ಆ ಕಡೆ ಪೆನ್ನಿನ ಕ್ಯಾಪ್ ತೆಗೆದ ಸದ್ದಾಯಿತು. ಆಮೇಲೆ ಇನ್‌ಸ್ಪೆಕ್ಟರು ಬೇರೆಯೇ ದನಿಯಲ್ಲಿ ಕೇಳಿದರು, "ನಿಮ್ಮ ತಮ್ಮ ನಿನ್ನೆ ಮಧ್ಯಾಹ್ನ ಎಲ್ಲಿದ್ದ?"

ಅವಳಿಗೆ ಗೊತ್ತಿರಲಿಲ್ಲ. ಎತ್ತಿ ಆಡಿಸಿದ ತಮ್ಮ, ಇರುವೆ ತುಳಿದೆನೇನೋ ಎಂದು ಕಾಲು ನೋಡಿಕೊಳ್ಳುವ ಹುಡುಗ. ಆದರೂ ಆಯಾ ಬೆಚ್ಚಿದ್ದು ಯಾಕೆ ಎಂಬ ಪ್ರಶ್ನೆ ಅವಳ ತಲೆಯೊಳಗೆ ಒಂದು ಕ್ಷಣ ಹಾದುಹೋಯಿತು. ಹಾದುಹೋದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟ ಕೂಡಲೇ ತಮ್ಮನ ನಂಬರಿನಿಂದ ಕರೆ ಬಂತು. ಮಾತಾಡಿದ್ದು ಮಾತ್ರ ವಯಸ್ಸಾದ ಹೆಂಗಸು.

"ಇವನಕ್ಕನೇನಮ್ಮಾ? ನಮ್ಮನೆ ಮೆಷಿನ್ ರಿಪೇರಿಗೆ ಬಂದಿದ್ದ. ಕೆಳಗೆ ಹಿಡ್ಕೊಂಡು ಹೊಡೀತಿದಾರೆ. ನಿನ್ನೆ ಮಧ್ಯಾಹ್ನ ಇಡೀ ನಮ್ಮನೇಲೇ ಇದ್ದ ಕಣಮ್ಮಾ, ಪಾರ್ಟ್ ಸಿಗ್ಲಿಲ್ಲ ಅಂತ ಇವತ್ತು ಮತ್ತೆ ಬಂದ. ಹೇಳಿದ್ರೆ ಅಜ್ಜಿಗೆ ಅರಳುಮರಳು ಅಂತಾರೆ. ಬೇಗ ಬಾ ತಾಯಿ."

ಅಜ್ಜಿ ಹೇಳಿದ ವಿಳಾಸವನ್ನು ಇನ್‌ಸ್ಪೆಕ್ಟರಿಗೆ ಕಳಿಸಿ ಅವಳು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಪ್ರತಿ ಸಿಗ್ನಲ್ಲಿನಲ್ಲೂ ಜನ ಫೋನ್ ನೋಡುತ್ತ ನಿಂತಿದ್ದರು. ಎಲ್ಲರೂ ತನ್ನ ಚಿತ್ರವನ್ನೇ ನೋಡುತ್ತಿದ್ದಾರೆ ಅನ್ನಿಸಿತು.

ಆ ಫ್ಲ್ಯಾಟುಗಳ ಪಾರ್ಕಿಂಗಿನಲ್ಲಿ ಜನ ಗುಂಪುಗಟ್ಟಿದ್ದರು. ತಮ್ಮ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದ. ತುಟಿ ಒಡೆದು ಗದ್ದದ ಗುಳಿಯವರೆಗೂ ರಕ್ತ ಇಳಿದಿತ್ತು. ಅಕ್ಕನನ್ನು ಕಂಡು ಏಳಲು ಹೋದ, ಯಾರೋ ಭುಜ ಅದುಮಿ ಕೂರಿಸಿದರು. ಫ್ಲ್ಯಾಟುಗಳ ಸೆಕ್ರೆಟರಿ ಚಿತ್ರದ ಪ್ರಿಂಟ್ ಹಿಡಿದು ಅವನ ತಲೆಯ ಪಕ್ಕದಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿಯ, ಇಮ್ಮಡಿ ಗದ್ದದ ದೊಡ್ಡ ಮನುಷ್ಯ.

"ಬಿಡಿ ಅವ್ನನ್ನ. ಆ ಚಿತ್ರ ಬರೆದವಳು ನಾನು. ತಪ್ಪು ನನ್ನದು."

"ನೀವ್ಯಾರು ಇವ್ನಿಗೆ?" ಎಂದರು ಸೆಕ್ರೆಟರಿ.

"ಅಕ್ಕ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ಸರಿಹೋಯ್ತು! ಬರೆದ ಮೇಲೆ ತಮ್ಮ ಅಂತ ಗೊತ್ತಾಯ್ತೇನೋ" ಎಂದು ಹಿಂದಿನಿಂದ ಯಾರೋ ಕೂಗಿದರು. "ಅಕ್ಕನ ಕೈಯಲ್ಲೇ ಸಿಕ್ಕಿಬಿದ್ದ" ಎಂದ ಇನ್ನೊಬ್ಬ. ಒಬ್ಬ ಯುವಕ ತಮ್ಮನ ಕೂದಲು ಹಿಡಿದು ಮುಖವನ್ನು ಬೆಳಕಿಗೆ ಎತ್ತಿದ. ಬಾಯಿಮಾತು ಇಲ್ಲಿ ನಡೆಯುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಪೊಲೀಸರು ಬರುವವರೆಗೆ ತಮ್ಮ ಉಳಿಯುತ್ತಾನೋ ಇಲ್ಲವೋ.

ಅವಳು ಸೆಕ್ರೆಟರಿಯ ಕೈಯಿಂದ ಪ್ರಿಂಟ್ ಕಿತ್ತುಕೊಂಡು ಪಕ್ಕದ ಕಾರಿನ ಬಾನೆಟ್ಟಿನ ಮೇಲೆ ಹರವಿದಳು. ಮೂಗಿನ ಕೆಳಗೆ ಸರಿಯಾಗಿ ಮಡಚಿ ಹರಿದಳು. ಹಣೆ, ಹುಬ್ಬು, ಕಣ್ಣು ಮೇಲೆ ಉಳಿದವು. ಹರಿದ ಭಾಗವನ್ನು ತಿರುಗಿಸಿ, ಅದರ ಬಿಳಿ ಬೆನ್ನು ಮುಖದ ಕೆಳಗೆ ಬರುವಂತೆ ಜೋಡಿಸಿ ಪೆನ್ನು ತೆಗೆದಳು.

"ಮೇಲಿನದು ಆಯಾ ನೋಡಿದ್ದು. ಕೆಳಗಿನದು ಯಾರೂ ನೋಡಿಲ್ಲ. ಅಲ್ಲಿ ನಾನು ಯಾರನ್ನ ಬೇಕಾದ್ರೂ ತುಂಬಬಹುದು. ನೋಡಿ."

ಅವಳು ಎದುರಿಗಿದ್ದ ಗದ್ದವನ್ನು ಬರೆದಳು. ಮಾಂಸಲ ಕೆನ್ನೆ, ಕೆಳತುಟಿಯ ಉಬ್ಬು, ಅದರ ಕೆಳಗೆ ಒಂದು ಗದ್ದ, ಇನ್ನೊಂದು ಗದ್ದ. ಕೈ ಹೆದರಿದ್ದರೂ ಗೆರೆ ಹೆದರಲಿಲ್ಲ. ಮುಂದೆ ನಿಂತವರು ಬಗ್ಗಿ ನೋಡಿದರು. ಒಬ್ಬಳು ಹೆಂಗಸು ಕಿಸಕ್ಕನೆ ನಕ್ಕಳು, ನಕ್ಕದ್ದನ್ನು ಅರ್ಧಕ್ಕೇ ನಿಲ್ಲಿಸಿದಳು. ಕಾಗದದ ಮೇಲೆ ಸೆಕ್ರೆಟರಿ ಇದ್ದರು.

ಯುವಕ ತಮ್ಮನ ಕೂದಲು ಬಿಟ್ಟ.

"ಸಾರ್, ನಿನ್ನೆ ಮಧ್ಯಾಹ್ನ ನೀವು ಮೀಟಿಂಗಿಗೆ ಬಂದಿರ್ಲಿಲ್ಲ ಅಲ್ವಾ?" ಎಂದಿತು ಒಂದು ದನಿ. ತಮಾಷೆಗೆ ಶುರುವಾದ ಮಾತು, ಮುಗಿಯುವ ಹೊತ್ತಿಗೆ ತಮಾಷೆಯಾಗಿ ಉಳಿದಿರಲಿಲ್ಲ. ಮುಖಗಳು ಒಂದೊಂದಾಗಿ ಸೆಕ್ರೆಟರಿಯ ಕಡೆಗೆ ತಿರುಗಿದವು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಯಾರೋ ಫೋನ್ ಎತ್ತಿ ಹೊಸ ಚಿತ್ರದ ಫೋಟೋ ತೆಗೆಯಲು ಬಂದರು.

"ಬೇಡ! ತೆಗೀಬೇಡಿ!" ಅವಳು ಕಿರುಚಿ ಎರಡೂ ತುಂಡುಗಳನ್ನು ಮುದ್ದೆ ಮಾಡಿದಳು. ಸಾಲದೆಂದು ಹರಿದಳು. ಇಷ್ಟು ಸಲೀಸೇ, ಒಬ್ಬನನ್ನು ಮುಗಿಸುವುದು? ತನ್ನ ಬೆರಳುಗಳನ್ನು ನೋಡಿ ಅವಳಿಗೆ ಭಯವಾಯಿತು. ಆಮೇಲೆ ಸೆಕ್ರೆಟರಿಯೇ ಬಗ್ಗಿ ತಮ್ಮನನ್ನು ಎಬ್ಬಿಸಿದರು. "ನೀರು ಕೊಡಿ ಯಾರಾದ್ರೂ" ಎಂದಾಗ ಅವರ ದನಿ ಬಹಳ ಸಣ್ಣದಾಗಿತ್ತು.

ಜೀಪು ಬಂತು, ಗುಂಪು ಕರಗಿತು. ಅಜ್ಜಿ ಹೇಳಿದ್ದನ್ನು ಈ ಸಲ ಪೊಲೀಸರು ಬರೆದುಕೊಂಡರು. ಚಿತ್ರ ವಾಪಸ್ ಪಡೆದಿದ್ದೇವೆ ಎಂದರು ಇನ್‌ಸ್ಪೆಕ್ಟರು. ಎಲ್ಲರ ಫೋನಿನಿಂದಲೂ ಹೋಯಿತಾ ಎಂದು ಅವಳು ಕೇಳಿದ್ದಕ್ಕೆ ಅವರು ಟೋಪಿ ಸರಿಮಾಡಿಕೊಂಡು ಜೀಪು ಹತ್ತಿದರು.

ತಮ್ಮ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಹಿಂದೆ ಕುಳಿತ. ಬಹಳ ದೂರ ಬಂದ ಮೇಲೆ, "ಊರಲ್ಲಿ ಬೇರೆ ಗದ್ದಾನೇ ಸಿಗ್ಲಿಲ್ವೇನೇ ನಿಂಗೆ?" ಎಂದ. ನಗಿಸಲು ನೋಡಿದ್ದ. ಒಡೆದ ತುಟಿಯಿಂದಾಗಿ ಮಾತು ತೊದಲಿತು. ತಪ್ಪಾಯಿತು ಎಂದು ಅವಳು ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ.

ಮನೆಯ ಕೆಳಗೆ ಇಳಿದರೂ ಅವನು ಹೆಲ್ಮೆಟ್ ತೆಗೆಯಲಿಲ್ಲ.

"ತೆಗಿಯೋ, ಸೆಕೆ."

"ಇರ್ಲಿ ಬಿಡಕ್ಕ."

ಮೆಟ್ಟಿಲು ಹತ್ತುವಾಗ ಮೇಲಿನ ತಾರಸಿಯಿಂದ ಕೆಳಮನೆಯ ಪುಟ್ಟಿ ಒಂದೊಂದೇ ಮೆಟ್ಟಿಲು ಎಣಿಸುತ್ತ ಇಳಿದು ಬಂತು. ಅವನು ಹೆಲ್ಮೆಟ್ಟಿನ ಗಾಜನ್ನು ಕೆಳಕ್ಕೆಳೆದು, ಗೋಡೆಯ ಕಡೆ ತಿರುಗಿ, ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದು ನಿಂತ. ಮಗುವಿನ ಎಣಿಕೆ ಕೆಳಗೆ ಬೀದಿ ಮುಟ್ಟಿ ನಿಲ್ಲುವವರೆಗೂ ಹಾಗೇ ನಿಂತಿದ್ದ.